ಸಂಬಳವಿಲ್ಲದ ತಿಂಗಳ ಚಂದಾ

ಮಗನ ನ್ಯುಮೋನಿಯಾ ವಾಸಿಯಾಗಿ, ಅವನು ತಟ್ಟೆ ಖಾಲಿ ಮಾಡತೊಡಗಿದ ಮೇಲೆ ನಾನು ಲಾಂಡ್ರಿಗೆ ಹಿಂದಿರುಗಿದೆ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಮದುವೆಗೆ ಮುಂಚಿನಿಂದಲೂ ನಾನು ಅಲ್ಲಿ ಇಸ್ತ್ರಿ ರೋಲರಿನ ಮುಂದೆ ನಿಂತವಳು.

ಗೇಟಿನ ಕಾವಲುಗಾರರನ್ನು ನಾವೆಲ್ಲ ಮೀಸೆ ಮಾವ ಎನ್ನುತ್ತೇವೆ. ಅವರು ನನ್ನ ಕಾರ್ಡನ್ನು ಯಂತ್ರಕ್ಕೆ ತೋರಿಸಿದರು. ಕೆಂಪು ದೀಪ. ಸೆರಗಿನಂಚಿನಿಂದ ಒರೆಸಿಕೊಟ್ಟೆ. ಮತ್ತೆ ಕೆಂಪು.

"ಕಾರ್ಡ್ ಕೆಟ್ಟಿರ್ಬೇಕು ಮಾವ."

"ಕಾರ್ಡ್ ಚೆನ್ನಾಗೇ ಇದೆ ಕಣಮ್ಮ, ಕೆಟ್ಟಿರೋದು ನಿನ್ನ ಗ್ರಹಚಾರ. ನಿನ್ನನ್ನ ಕೆಲಸದಿಂದ ತೆಗೆದಿದಾರೆ."

ನಾನು ನಕ್ಕೆ. ಅವರು ನಗಲಿಲ್ಲ.

"ರಜೆಗೆ ಮ್ಯಾನೇಜರ್ರೇ ಸಹಿ ಹಾಕಿದ್ರಲ್ಲ?"

"ಮ್ಯಾನೇಜರನ್ನ ಯಾಕೆ ಬೈತೀಯ? ತೆಗೀರಿ ಅಂತ ಬರೆದುಕೊಟ್ಟಿದ್ದು ನಿಮ್ಮ ಸಂಘನೇ."

ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿ ನನ್ನ ಒಡಹುಟ್ಟಿದ ಅಣ್ಣ.

ಸಂಘಕ್ಕೆ ಚಂದಾ ಕಟ್ಟದವರಿಗೆ ಇಲ್ಲಿ ಕೆಲಸವಿಲ್ಲ ಎಂಬ ಕರಾರನ್ನು ಮುಷ್ಕರ ಮಾಡಿ ಗಿಟ್ಟಿಸಿಕೊಂಡವರು ನಾವೇ. ಬಿಸಿಲಲ್ಲಿ ಕೂರುವವರು ಒಬ್ಬರು, ಹೆಚ್ಚಿದ ಸಂಬಳ ಎಣಿಸುವವರು ಇನ್ನೊಬ್ಬರು ಆಗಬಾರದೆಂದು ನಾನೂ ಕೈ ಎತ್ತಿದ್ದೆ. ಚಂದಾ ಸಂಬಳದಲ್ಲೇ ಕಡಿತವಾಗುತ್ತಿತ್ತು. ರಜೆಯಲ್ಲಿ ಸಂಬಳವೇ ಇಲ್ಲದಾಗ ಅದು ಎಲ್ಲಿಂದ ಕಡಿತವಾಗುತ್ತದೆ ಎಂದು ನಾನು ಕನಸಿನಲ್ಲೂ ಯೋಚಿಸಿರಲಿಲ್ಲ.

ಸಂಘದ ಕೋಣೆ ಬಾಯ್ಲರಿನ ಹಿಂದೆ, ಹೊರಗಿನಿಂದಲೇ ಬಾಗಿಲು. ನನ್ನನ್ನು ಕಂಡೊಡನೆ ಅಣ್ಣ ಎದ್ದು ನಿಂತ.

"ಚಂದಾ ಬಾಕಿ ಇರೋರ ನೋಟಿಸ್ ಹಾಕಿದ್ವಲ್ಲೇ, ಊಟದ ಕೋಣೆ ಹಲಗೆ ಮೇಲೆ."

"ನಾನು ಆಸ್ಪತ್ರೇಲಿದ್ದೆ! ನೀನು ಅಲ್ಲಿಗೇ ಬರ್ತಿದ್ದೆ. ಕಿತ್ತಳೆ ಸುಲಿದು ಕೊಡ್ತಿದ್ದೆ. ಒಂದು ಮಾತು ಹೇಳೋಕಾಗ್ಲಿಲ್ವಾ?"

"ಮಗು ಮೂಗಿಗೆ ನಳಿಕೆ ಹಾಕ್ಕೊಂಡು ಮಲಗಿತ್ತು. ಅದರ ಮುಂದೆ ಚಂದಾ ಕೇಳೋಕೆ ನಾನೇನು ಕಟುಕನಾ?"

"ಮತ್ತೆ ನನ್ನನ್ನ ತೆಗೀರಿ ಅಂತ ಸಹಿ ಹಾಕೋವಾಗ?"

ಅಣ್ಣ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ಹೋದ ವರ್ಷ ಆ ಬಟ್ಟೆ ಒಗೆಯೋ ಡ್ರಮ್ಮಿನ ಮುದುಕನ್ನ ಇದೇ ಕಾರಣಕ್ಕೆ ತೆಗೆಸಿದ್ವಿ. ಅವನಿಗೊಂದು ನ್ಯಾಯ, ನನ್ನ ತಂಗಿಗೊಂದು ನ್ಯಾಯ ಆಗತ್ತಾ?"

"ನೀನೇ ಕಟ್ಟಿ, ಆಮೇಲೆ ನನ್ನ ಹತ್ರ ಇಸ್ಕೋಬಹುದಿತ್ತು."

"ಕಾರ್ಯದರ್ಶಿ ಇನ್ನೊಬ್ಬರ ಚಂದಾ ಕಟ್ಟೋ ಹಾಗಿಲ್ಲ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ಆಸ್ಪತ್ರೆಯಲ್ಲಿ ನನ್ನ ಮಗನಿಗಾಗಿ ಅತ್ತ ಕಣ್ಣು, ನನ್ನನ್ನು ತೆಗೆಸಿದ ಕೈ, ಎರಡೂ ಒಬ್ಬನವೇ, ಒಂದೇ ವಾರದವು.

ಬಾಕಿ ಕಟ್ಟಿದರೆ ಇವತ್ತೇ ಮತ್ತೆ ಸೇರಬಹುದಂತೆ, ಆದರೆ ಹೊಸಬಳಾಗಿ. ರೋಲರನ್ನು ಬೇರೆಯವಳಿಗೆ ಕೊಟ್ಟಾಗಿದೆ. ನನಗೆ ಒದ್ದೆ ಬಟ್ಟೆಯ ಡ್ರಮ್ಮು, ಕಲಿಯುವವರ ಸಂಬಳ.

"ಒಂದೆರಡು ವರ್ಷ ಹಲ್ಲು ಕಚ್ಚಿಕೊಂಡಿರು. ನಾನೇ ನಿಂತು ಮೇಲೆ ತರ್ತೀನಿ," ಎಂದ.

ಕೂಗಾಡಬೇಕೆಂದುಕೊಂಡು ಬಂದಿದ್ದೆ. ಆದರೆ ಮನೆಯಲ್ಲಿ ಮಗನ ಔಷಧಿ ಮುಗಿಯುತ್ತ ಬಂದಿತ್ತು.

"ಎಷ್ಟಾಯ್ತು ಹೇಳಿ, ಕಾರ್ಯದರ್ಶಿಗಳೇ," ಎಂದೆ.

ಅಣ್ಣ ಹೊಡೆಸಿಕೊಂಡವನಂತೆ ನೋಡಿದ. "ಹಾಗೆ ಕರೀಬೇಡ ಕಣೇ."

ನಾನು ದುಡ್ಡು ಮೇಜಿನ ಮೇಲಿಟ್ಟು ರಸೀದಿಗೆ ಕಾದು ನಿಂತೆ.