ಒಂದು ಹೊತ್ತಿನ ಮನೆ

"ಕಾಲ ತೊಳಕೊಂಡ ಒಳಗ ಬಾ ಬೇ, ರಂಡೆ! ನೆಲಾ ಎಲ್ಲಾ ಹೊಲಸ ಮಾಡ್ತಿ!"

ಬಾಬಾಸಾಹೇಬ ಧಣಿ ಹೊಸ ಮನೆಯ ಹೊಸ್ತಿಲಲ್ಲಿ ನಿಂತು ಒದರಿದ. ಆ ನೆಲ ಬಡಿದವಳು ನಾನು. ಗೋಡೆಯ ಇಟ್ಟಂಗಿಗೆ ಮಣ್ಣು ತುಳಿದವಳೂ ನಾನೇ. ಕಾಲು ತೊಳೆದುಕೊಂಡೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಳೆ ಬಂದು ಯಡೂರಿನ ನಮ್ಮ ಕೇರಿಯನ್ನು ಒಯ್ದ ಮೇಲೆ ತಗಡಿನ ಶೆಡ್ಡಿನಲ್ಲಿ ಬೆಂದು ಬೆಂದು ನನಗೆ ಏನೂ ತಾಗುತ್ತಿರಲಿಲ್ಲ.

ಈ ಮನೆಗಳು ನಮ್ಮವು ಅಂತ ಧಣಿ ಹೇಳಿದ್ದ. ಸುಡದ ಮಣ್ಣಿನ ಇಟ್ಟಂಗಿ, ಸಿಮೆಂಟು ಕಡಿಮೆ, ಪರಿಸರಕ್ಕೆ ಒಳ್ಳೆಯದು. ಹೊಳೆಗೆ ಮನೆ ಕಳೆದುಕೊಂಡವರಿಗಾಗಿ ಹೀಗೆ ಕಟ್ಟಿದರೆ ಪರದೇಶದ ಬ್ಯಾಂಕು ಅಗ್ಗದ ಬಡ್ಡಿಗೆ ಸಾಲ ಕೊಡುತ್ತದಂತೆ. ಸಾಲ ಧಣಿಯ ಹೆಸರಿಗೆ, ಜಾಗವೂ ಧಣಿಯದೇ. ನಾವು ಎರಡು ಬೇಸಿಗೆ ಅರ್ಧ ಕೂಲಿಗೆ ದುಡಿದೆವು. ಸ್ವಂತ ಮನೆ ಕಟ್ಟಿಕೊಳ್ಳಲು ಯಾರು ಪೂರಾ ಕೂಲಿ ಕೇಳುತ್ತಾರೆ?

ಇವತ್ತು ಬ್ಯಾಂಕಿನ ಮೇಡಂ ನೋಡಲು ಬರುವವಳಿದ್ದಳು. ಭಾಂಡೆ, ಕೌದಿ, ಕಟ್ಟಿಗೆ, ಜೋಳದ ಚೀಲ ತಂದು ಸಂಸಾರ ಹೂಡಿದಂತೆ ಇಡಲು ಧಣಿ ಹೇಳಿದ್ದ.

"ಒಲಿ ಮಾತ್ರ ಹಚ್ಚಬ್ಯಾಡ್ರಿ," ಅಂದ ಧಣಿ. "ಗ್ವಾಡಿ ಕರ್ರಗ ಆಕ್ಕಾವ."

ಮೇಡಂ ಬಂದಳು. ಗೋಡೆಗೆ ಅಂಗೈ ಒತ್ತಿ "ಎಷ್ಟು ತಂಪು!" ಅಂದಳು. ಒಲೆ ನೋಡಿ, "ಮಸಿನೇ ಇಲ್ವಲ್ಲ?" ಅಂದಳು.

"ದಿನಾ ಸಾರಸ್ತಾರ್ರಿ ಮೇಡಂ. ಭಾಳ ಸ್ವಚ್ಛ ಮಂದಿ," ಅಂದ ಧಣಿ.

"ಇಲ್ಲಿ ಇರೋಕೆ ಖುಷಿನಾ ನಿಮಗೆ?" ಅಂತ ನನ್ನನ್ನು ಕೇಳಿದಳು. ನನ್ನ ಗಂಡ ಕಾಮಣ್ಣ ಹಿಂದಿನಿಂದ ಸೀರೆ ಜಗ್ಗಿದ.

"ಹೌದ್ರಿ," ಅಂದೆ. ಫೋಟೊ ಹೊಡೆದುಕೊಂಡು ಹೋದಳು.

ಕಾರಿನ ಧೂಳು ಅಡಗುವ ಮೊದಲೇ ಧಣಿ ನಮ್ಮ ಕಡೆ ತಿರುಗಿದ. "ಹಂ, ಆತು. ಗಂಟ ಮೂಟಿ ಎತ್ರಿ, ಚಲಾ."

"ಎಲ್ಲಿಗ್ರಿ?"

"ನಿಮ್ಮ ಶೆಡ್ಡಿಗೆ. ಶ್ರಾವಣಕ್ಕ ಗುಡಿಗಿ ಬರೋ ಭಕ್ತರು ಇಲ್ಲಿ ಇಳಕೋತಾರ. ಬುಕಿಂಗ್ ಆಗ್ಯಾವ."

"ಮನಿ ನಮ್ಮವು ಅಂದಿದ್ರಲ್ರಿ..."

"ಕನ್ನಡ್ಯಾಗ ಮಾರಿ ನೋಡ್ಕೋ ಹೋಗ, ಭೋಸಡಿ! ಇಂಥಾ ಮನ್ಯಾಗ ಇರೂ ಮಾರಿ ಐತೇನ ಇದು? ನೀವ ನಿಂತ ಜಾಗಾಕ್ಕ ಸಂಜೀಕ ಗೋಮೂತ್ರ ಹೊಡಸಬೇಕ ನಾ."

ಕಾಮಣ್ಣ ಕೌದಿ ಹೊತ್ತು ಹೊರಬಿದ್ದ. ಹುಟ್ಟಿದಾಗಿನಿಂದ ಅವನು ಯಾರಿಗೂ ಇಲ್ಲ ಅಂದವನಲ್ಲ. ನಾನು ಒಳಗೆ ಹೋಗಿ ಬಾಗಿಲು ಹಾಕಿ ಅಗಳಿ ಜಡಿದೆ. ವಿಚಾರ ಮಾಡಿ ಮಾಡಿದ್ದಲ್ಲ, ಕೈ ತಾನೇ ಮಾಡಿತು.

ಒಲೆ ಹಚ್ಚಿದೆ. ಜೋಳದ ಚೀಲದೊಳಗೆ ಒಣಮೀನಿನ ಪೊಟ್ಟಣವಿತ್ತು. ಹೊಸ ಮಣ್ಣಿನ ಗೋಡೆ ಒಮ್ಮೆ ಕುಡಿದ ವಾಸನೆಯನ್ನು ಸುಣ್ಣ ಹೊಡೆದರೂ ಬಿಡುವುದಿಲ್ಲ. ಮಣ್ಣಿನ ಮನೆಯಲ್ಲಿ ಬಾಳಿದ ಎಲ್ಲರಿಗೂ ಇದು ಗೊತ್ತು. ಉಪವಾಸದ ಭಕ್ತರು ಇಲ್ಲಿ ಹೇಗೆ ಮಲಗುತ್ತಾರೋ ಮಲಗಲಿ. ಕಿಟಕಿ ಮುಚ್ಚಿ ಮೀನನ್ನು ಕೆಂಡದ ಮೇಲಿಟ್ಟೆ. ಹೊಗೆಗೆ ಕಣ್ಣು ಉರಿದವು. ಹೊಟ್ಟೆಯೂ ಹಸಿದಿತ್ತು.

"ಏಯ್! ಏನ ಸುಡಾಕತ್ತೀ ಒಳಗ?" ಧಣಿಯ ದನಿ ಒಡೆಯಿತು. "ತಗೀ ಬಾಗಲಾ!"

"ಉಣ್ಣಾಕತ್ತೀನ್ರಿ, ನಮ್ಮ ಮನ್ಯಾಗ."

"ಕಾಮ್ಯಾ! ಹಾರಿ ತಗೊಂಡ ಬಾಗಲಾ ಒಡೀಲೇ. ಇಲ್ಲಾಂದ್ರ ಇವತ್ತ ನಿಮ್ಮ ಶೆಡ್ಡೂ ಕೀಳಸ್ತೀನಿ!"

ಕೇರಿಯವರೆಲ್ಲ ಹೊರಗೇ ಇದ್ದರು. ಗಂಟು ಮೂಟೆ ಎತ್ತುವ ಸದ್ದು ಕೇಳಿತು. ಕಾಮಣ್ಣ ಬಾಗಿಲ ಸಂದಿಗೆ ಬಾಯಿ ಹಚ್ಚಿದ.

"ಲಗಮವ್ವಾ, ತಗಿ ಬೇ. ನಾ ಹೊಡೀಬೇಕಾಕ್ಕೈತಿ."

"ಹೊಡಿ," ಅಂದೆ.

ಹಾರೆಯ ಮೊದಲ ಏಟಿಗೆ ಚೌಕಟ್ಟಿನ ಸುತ್ತಲಿನ ಮಣ್ಣು ಉದುರಿತು. ನಾನು ಮೀನನ್ನು ಮಗುಚಿ ಹಾಕಿದೆ.