ಫೋನು ಬಾರದ ಬೆಳಗು

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾಕೆ ಆರು ವರ್ಷ ದಿನವೂ ಬೆಳಗ್ಗೆ ಆರಕ್ಕೇ ಬಂದು ಕೂರುತ್ತಿದ್ದಳು. ವಾರ್ಡುಗಳಲ್ಲಿ ಇದ್ದದ್ದು ಬರೀ ಪರದೆ, ಕೀಬೋರ್ಡು. ನಿಜವಾಗಿ ಕೆಲಸ ಮಾಡುವ ಮುನ್ನೂರು ವರ್ಚುವಲ್ ಡೆಸ್ಕ್‌ಟಾಪುಗಳು, ಅಂದರೆ ಸಾಫ್ಟ್‌ವೇರಿನಲ್ಲೇ ಸೃಷ್ಟಿಸಿದ ಕಂಪ್ಯೂಟರುಗಳು, ಕೆಳಮಹಡಿಯ ದೊಡ್ಡ ಸರ್ವರ್ ಯಂತ್ರಗಳಲ್ಲಿದ್ದವು. ಅವನ್ನು ಗುಂಪುಗುಂಪಾಗಿ ಎಬ್ಬಿಸಿ, ಮೊಂಡು ಹಿಡಿದವನ್ನು ಅಳಿಸಿ ಹೊಸದಾಗಿ ಮಾಡುವಷ್ಟರಲ್ಲಿ ಕಂಪ್ಯೂಟರು ಓಡುತ್ತಿಲ್ಲವೆಂದು ಬೈಯುವ ನರ್ಸುಗಳ ಫೋನು ಶುರುವಾಗುತ್ತಿತ್ತು.

ಎರಡು ತಿಂಗಳು ತಲೆ ಕೆಡಿಸಿಕೊಂಡು, ಆ ಕೆಲಸವನ್ನೆಲ್ಲ ತಾನಾಗಿಯೇ ಮಾಡುವ ಒಂದು ಪ್ರೋಗ್ರಾಮ್ ಬರೆದಳು. ಅದು ಓಡುವ ಮೊದಲ ದಿನ ಭಯದಿಂದ ಐದೂವರೆಗೇ ಬಂದಳು. ಏಳಾಯಿತು, ಎಂಟಾಯಿತು, ಒಂದೇ ಒಂದು ಫೋನಿಲ್ಲ. ತಡೆಯಲಾರದೆ ಹೆಡ್ ನರ್ಸಿಗೆ ತಾನೇ ಫೋನು ಮಾಡಿದಳು.

“ಸಿಸ್ಟರ್, ನನ್ನ ಫೋನ್ ಏನಾದ್ರೂ ಕೆಟ್ಟಿದೆಯಾ?”

“ಕೆಟ್ಟಿದ್ರೆ ಈಗ ಹೇಗೆ ಮಾತಾಡ್ತಿದ್ದೀರಿ ಮೇಡಂ? ಎಲ್ಲಾ ಚೆನ್ನಾಗಿ ನಡೀತಿದೆ. ಬೈಯೋಕೆ ಏನೂ ಸಿಕ್ತಿಲ್ಲ, ಅಷ್ಟೇ!”

ಮರುದಿನ ಏಳೂವರೆಗೆ ಅವಳು ಮನೆಯಲ್ಲೇ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಮಗಳು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ ಮೆಲ್ಲಗೆ ಕೇಳಿದಳು: “ಅಮ್ಮಾ, ನಿನ್ನ ಕೆಲಸ ಹೋಯ್ತಾ?”

“ಅರ್ಧ ಹೋಯ್ತು ಪುಟ್ಟಾ, ಪೀಡೆ ತೊಲಗಿತು,” ಎಂದು ಅಮ್ಮ ಜೋರಾಗಿ ನಕ್ಕಳು. “ಅಲ್ಲಾಡಬೇಡ, ಜಡೆ ಸೊಟ್ಟಗಾಗುತ್ತೆ.”