ಗುನ್‌ವೋರಳ ಎರಡು ಚೀಟಿಗಳು

೧

ಆ ಬೆಳಿಗ್ಗೆ ಉತ್ತರದ ಚಳಿನಾಡಿನ ಹೆರ್ನೋಸಂದ್ ಬಂದರಿನ ಮೇಲೆ ಬಿದ್ದದ್ದು ಹಿಮವೂ ಅಲ್ಲ, ಮಳೆಯೂ ಅಲ್ಲ. ಎರಡರ ನಡುವಿನ ಒದ್ದೆ ಮುದ್ದೆಯೊಂದು ಸುಮ್ಮನೆ ಇಳಿಯುತ್ತಿತ್ತು.

(ಕಥೆಯನ್ನು ಹೀಗೆ ಶುರುಮಾಡಬಹುದೇ? ಹವಾಮಾನ ಹಿಡಿದುಕೊಂಡವನಿಗೆ ಹೇಳಲು ಬೇರೇನೂ ಇಲ್ಲ ಎಂದುಕೊಳ್ಳುವಿರಿ. ಇದೆ. ಹೇಳಲು ಭಯ, ಅದಕ್ಕೇ ಆಕಾಶ ನೋಡುತ್ತಿದ್ದೇನೆ.)

೨

ಮತ್ತೊಮ್ಮೆ. ಗುನ್‌ವೋರ್ ಎಂಬ ಎಪ್ಪತ್ತೆರಡರ ಹೆಂಗಸು. ಔಷಧಿ ಅಂಗಡಿಯಲ್ಲಿ ಗುಳಿಗೆ ಎಣಿಸಿ ನಿವೃತ್ತಳಾದವಳು. ಯಾವ ಪುಸ್ತಕ ಮುಗಿದರೂ ಕಾಫಿ ಲೋಟ ತೊಳೆಯುವ ಮುಂಚೆ ಒಂದು ಚೀಟಿ ಬರೆಯಬೇಕು: ಹೆಸರು, ತಾರೀಖು, ನಾಲ್ಕು ಸಾಲು. ನಂತರ ಶೂ ಡಬ್ಬಿಗೆ, ಪುಸ್ತಕದ ಹೆಸರಿನ ಅಕ್ಷರಕ್ರಮದಲ್ಲಿ. ಅಂಥ ಹನ್ನೆರಡು ಡಬ್ಬಿಗಳಿದ್ದವು. ಅವಳ ತಾಯಿ ಕೊನೆಗಾಲದಲ್ಲಿ ಇವಳ ಮುಖ ನೋಡಿ "ನೀನು ಯಾರ ಪೈಕಿ?" ಎಂದು ಕೇಳಿದ್ದಳು. ಡಬ್ಬಿಗಳ ಸಂಖ್ಯೆ ಏರಿದ್ದು ಆಮೇಲೆ.

ಅಂದು ಮೂರು ಗಂಟೆಗೆ ಚರ್ಚಿನ ಕೋಣೆಯಲ್ಲಿ ಓದುಗರ ಕೂಟ. ಮಾತು ಶುರುಮಾಡಬೇಕಾದವಳು ಇವಳೇ. ಅಂದಿನ ಪುಸ್ತಕದ ಮೇಲೆ ಹೋದ ವಾರ ಬರೆದ ಚೀಟಿ ತೆಗೆಯಲು ಹೋದರೆ ಅದರ ಹಿಂದೆ ಅದೇ ಪುಸ್ತಕದ ಇನ್ನೊಂದು ಚೀಟಿ. ಹನ್ನೊಂದು ವರ್ಷ ಹಳೆಯದು. ಅವಳದೇ ಅಕ್ಷರ.

ಹೊಸದು: "ತಂಗಿ ಕಲ್ಲುಮನಸ್ಸಿನವಳು. ದೋಣಿ ಮಾರಿದ ಅಣ್ಣನನ್ನು ನೋಡಿ ಕರುಳು ಚುರುಕ್ ಎಂದಿತು."

ಹಳೆಯದು: "ತಂಗಿ ಮಾಡಿದ್ದೇ ಸರಿ. ದೋಣಿ ಮಾರಿದವನಿಗೆ ಕ್ಷಮೆಯಿಲ್ಲ."

ಹಿಂದೊಮ್ಮೆ ಓದಿದ ನೆನಪು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

೩

ಇಲ್ಲಿ ನಾನೊಂದು ದಾರಿ ಹುಡುಕಿದೆ. ಹಳೆಯ ಚೀಟಿಯನ್ನು ಬೇರೆ ಯಾರೋ ಬರೆದು ತಮಾಷೆಗೆ ಇಟ್ಟಿದ್ದರೆ?

"ಸುಳ್ಳು ಬರೀಬೇಡ," ಎಂದಳು ಗುನ್‌ವೋರ್. "ನನ್ನ ಅಕ್ಷರ ನಂಗೆ ಗೊತ್ತಿಲ್ವಾ?"

"ನಿನ್ನ ನೆಮ್ಮದಿಗೆ ಅಂತ..."

"ನನ್ನ ನೆಮ್ಮದೀಗೋ, ನಿನ್ನ ಕಥೇಗೋ?"

(ಆ ಕರಡನ್ನು ಹರಿದೆ.)

೩

(ಮೂರು ಆಗಲೇ ಆಯಿತಲ್ಲವೇ? ಇರಲಿ. ಎಲ್ಲರಿಗೂ ಆಗುತ್ತದೆ. ಆಗುತ್ತದೆಯಲ್ಲವೇ?)

ಕೂಟದಲ್ಲಿ ಉಳಿದಿದ್ದವರು ಮೂವರೇ: ಇವಳು, ಹಡಗುಗಳಿಗೆ ದಾರಿ ತೋರಿಸುತ್ತಿದ್ದ ಫೋಲ್ಕೆ, ಸೂಲಗಿತ್ತಿಯಾಗಿದ್ದ ಸೀವ್. ಮೇಜಿನ ಮೇಲೆ ಕಾಫಿ, ಏಲಕ್ಕಿ ಬನ್ನು. ಗುನ್‌ವೋರ್ ಎರಡೂ ಚೀಟಿಗಳನ್ನು ಒಂದರ ಹಿಂದೊಂದು ಓದಿದಳು.

"ಎರಡು ಸಲ ಓದಿ ಎರಡು ಥರ ತೀರ್ಪು!" ಎಂದ ಫೋಲ್ಕೆ. "ನೀನು ಜಡ್ಜ್ ಆಗದೇ ಇದ್ದದ್ದು ಒಳ್ಳೇದಾಯ್ತು ಮಾರಾಯ್ತಿ."

"ಸುಮ್ನಿರೋ," ಎಂದಳು ಸೀವ್. "ಹನ್ನೊಂದು ವರ್ಷದ ಹಿಂದೆ ಅಂದ್ರೆ... ನಡಾವಳಿ ಪುಸ್ತಕ ಎಲ್ಲಿ?"

ಮೂವರು ಕಾಫಿಗೆ ಕೂತರೂ ನಡಾವಳಿ ಬರೆದು ಸಹಿ ಹಾಕುವ ಜನ ಇವರು. ಬೀರುವಿನಿಂದ ಹಳೆಯ ಪುಸ್ತಕ ಬಂತು. ಅಕ್ಟೋಬರ್ ತಿಂಗಳ ಸಭೆ. ಚರ್ಚೆಗೆ ಇದೇ ಅಣ್ಣ-ತಂಗಿಯ ಪುಸ್ತಕ. ಮೂವರೂ ಹಾಜರು.

ಫೋಲ್ಕೆ ಮೇಜು ಗುದ್ದಿ ನಕ್ಕ. "ಮೂರೂ ಜನ ಮರೆತು ಈ ಸಲವೂ ಅದನ್ನೇ ಓದೋಣ ಅಂತ ವೋಟ್ ಹಾಕಿದ್ದೀವಲ್ಲ!"

(ಇಲ್ಲೇ ನಿಲ್ಲಿಸಬೇಕಿತ್ತು. ನೀವೂ ನಕ್ಕು ಎದ್ದು ಹೋಗುತ್ತಿದ್ದಿರಿ. ನನಗೂ ನಿದ್ದೆ ಬರುತ್ತಿತ್ತು.)

"ತಡಿ," ಎಂದಳು ಸೀವ್. "ಅವತ್ತು ನಾನು ತಂದ ಬನ್ನು ಸೀದಿತ್ತು ಅಲ್ವಾ?"

"ಹೌದೌದು! ಆ ತಂಗಿ ವಿಚಾರಕ್ಕೆ ನಾನೂ ನೀನೂ ಕಿತ್ತಾಡಿದ್ವಿ. ಗುನ್‌ವೋರ್ ನಿನ್ನ ಕಡೆ," ಎಂದ ಫೋಲ್ಕೆ.

ಒಂದೊಂದಾಗಿ ಅವರಿಬ್ಬರಿಗೂ ಎಲ್ಲ ಮರಳಿ ಬಂತು. ಗುನ್‌ವೋರ್ ಅವರ ಬಾಯಿಯನ್ನೇ ನೋಡುತ್ತಿದ್ದಳು. ಅವರು ನಕ್ಕ ಮೇಲೆ ನಕ್ಕಳು, ಒಂದು ಗಳಿಗೆ ತಡವಾಗಿ. ಸೂಲಗಿತ್ತಿಯ ಕಣ್ಣಿಗೆ ಆ ಗಳಿಗೆ ತಪ್ಪಲಿಲ್ಲ.

"ನಿಂಗೆ ನೆನಪಾಯ್ತಾ?"

ಹೌದು ಎನ್ನು, ಎಂದು ನಾನು ಗುನ್‌ವೋರಳ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮಾತು ಕೇಳಲಿಲ್ಲ.

"ಇಲ್ಲ ಸೀವ್. ಏನೂ ಇಲ್ಲ."

ಸೀವ್ ಅವಳ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡಳು. "ಸೋಮವಾರ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ತೀನಿ. ಕಾರು ನಂದು."

ಫೋಲ್ಕೆ ಮಾತ್ರ ಇನ್ನೂ ನಡಾವಳಿ ಓದುತ್ತಿದ್ದ. ಕೊನೆಯ ಸಾಲು ಹೀಗಿತ್ತು: "ಮಳೆಯ ಕಾರಣ ಗುನ್‌ವೋರಳ ನೀಲಿ ಕೊಡೆಯನ್ನು ಫೋಲ್ಕೆ ಒಯ್ದಿರುತ್ತಾನೆ. ಮುಂದಿನ ಸಭೆಗೆ ತರತಕ್ಕದ್ದು." ಅದನ್ನು ಅವನು ಗಟ್ಟಿಯಾಗಿ ಓದಲಿಲ್ಲ. ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟ.

೪

ಡಾಕ್ಟರು "ವಯಸ್ಸಾಯಿತು, ಅಷ್ಟೇ" ಎನ್ನುವ ಮುಕ್ತಾಯವೊಂದು ನನ್ನಲ್ಲಿದೆ. ಏನೂ ಹೇಳದೆ ಇನ್ನೊಂದು ಪರೀಕ್ಷೆ ಬರೆದುಕೊಡುವ ಮುಕ್ತಾಯವೂ ಇದೆ. ಎರಡನ್ನೂ ಗುನ್‌ವೋರ್ ಬೇಡ ಎಂದಳು. "ನಂಗೇ ಗೊತ್ತಿಲ್ಲದ್ದು ಓದೋರಿಗೆ ಯಾಕೆ ಮೊದ್ಲು ಗೊತ್ತಾಗ್ಬೇಕು?" ನಾನು ಒಪ್ಪಿದೆ. ಒಬ್ಬರ ತಲೆಯೊಳಗೆ ಏನು ಉಳಿದಿದೆ, ಏನು ಹೋಗಿದೆ ಎಂಬ ಲೆಕ್ಕ ದೇವರ ಹತ್ತಿರ ಇರಲಿ. ಅವನು ಚೀಟಿ ಬರೆದಿಡುವುದಿಲ್ಲ, ಆದರೂ ಯಾರನ್ನೂ ಮರೆಯುವುದಿಲ್ಲ ಎಂದು ನಂಬಿದವನು ನಾನು. (ಆದರೂ ರಾತ್ರಿ ಎದ್ದು ನನ್ನ ಟಿಪ್ಪಣಿ ಪುಸ್ತಕಗಳಲ್ಲಿ ಮರೆತು ಎರಡು ಸಲ ಬರೆದ ಜೋಡಿಗಳಿವೆಯೇ ಎಂದು ಹುಡುಕಿದೆ. ಎಷ್ಟು ಸಿಕ್ಕವೆಂದು ಹೇಳುವುದಿಲ್ಲ.)

ಸೋಮವಾರ ಸೀವ್ ಕಾರು ತಂದು ಬಾಗಿಲೆದುರು ನಿಲ್ಲಿಸಿದಳು. ಗುನ್‌ವೋರ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಮೆಟ್ಟಿಲ ಮೇಲೆ ಫೋಲ್ಕೆ ನಿಂತಿದ್ದ, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಂಕುಳಲ್ಲಿದ್ದ ಆ ಹಳೆಯ ನೀಲಿ ಕೊಡೆಯನ್ನು ತೆಗೆದು, ಹಿಡಿಯನ್ನು ಅವಳ ಕಡೆ ತಿರುಗಿಸಿ, ಅವಳ ಕೈಗಿಟ್ಟ.